ಬಾಸ್ಟನ್ನಿನಲ್ಲಿ ಹುಟ್ಟಿದವರು ‘ನಾನು ಐರಿಶ್’ ಅನ್ನಬಹುದೇ?

ಪರ

ಖಂಡಿತ ಅನ್ನಬಹುದು. ಬಾಸ್ಟನ್ ಇರುವುದು ಅಮೆರಿಕದಲ್ಲಿ, ಐರಿಶ್ ಅಂದರೆ ಐರ್ಲೆಂಡ್ ದೇಶದವರು, ನಿಜ. ಅಮೆರಿಕದಲ್ಲಿ ಒಬ್ಬರು ಇನ್ನೊಬ್ಬರಿಗೆ ‘ನಾವು ಐರಿಶ್, ನೀವು?’ ಅಂದರೆ ಪಾಸ್‌ಪೋರ್ಟಿನ ಮಾತಲ್ಲ ಅದು, ಮನೆತನದ ಮಾತು. ಇಬ್ಬರೂ ಅಮೆರಿಕದವರೇ ಅನ್ನುವುದು ಇಬ್ಬರಿಗೂ ಗೊತ್ತು, ಹಾಗಾಗಿ ಅದನ್ನು ಮತ್ತೆ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಇವರ ಹಿರಿಯರು ಸುಮ್ನೆ ಊರು ಬಿಟ್ಟವರಲ್ಲ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ತಗುಲಿತು. ಬಡವರಿಗೆ ಇದ್ದದ್ದೇ ಅದೊಂದು ಊಟ. ಕ್ಷಾಮ ಮುಗಿಯುವಷ್ಟರಲ್ಲಿ ಸುಮಾರು 10 ಲಕ್ಷ ಜನ ಸತ್ತಿದ್ದರು, ಅದಕ್ಕಿಂತ ಜಾಸ್ತಿ ಜನ ದೇಶ ಬಿಟ್ಟಿದ್ದರು, ಅವರಲ್ಲಿ ಎಷ್ಟೋ ಮಂದಿ ಅಟ್ಲಾಂಟಿಕ್ ದಾಟುವ ಹಡಗಿನಲ್ಲೇ ತೀರಿಕೊಂಡರು. ಇಂಥ ನೆನಪನ್ನು ನಾಲ್ಕು ತಲೆಮಾರು ಕಾಪಾಡಿಕೊಂಡು ಬಂದವರಿಗೆ ‘ಆ ಹೆಸರು ನಿಮ್ಮದಲ್ಲ’ ಅನ್ನುವುದು ಕ್ರೂರ.

1963ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಐರ್ಲೆಂಡಿನ ವೆಕ್ಸ್‌ಫರ್ಡ್‌ನ ಡಂಗನ್ಸ್‌ಟೌನ್‌ಗೆ, ತಮ್ಮ ಮುತ್ತಜ್ಜ ಬಿಟ್ಟುಹೋಗಿದ್ದ ಮನೆಗೆ ಹೋದರು. ನೆಂಟರು ಅಂಗಳದಲ್ಲಿ ಟೀ, ಕೇಕ್ ಇಟ್ಟು ಉಪಚರಿಸಿದರು. ಐರ್ಲೆಂಡ್ ಪೂರ್ತಿ ಅವರನ್ನು ಮನೆಮಗನ ಹಾಗೆ ನೋಡಿತು. ಅಧ್ಯಕ್ಷರಿಗೆ ಒಂದು ನ್ಯಾಯ, ಬಾಸ್ಟನ್ನಿನ ಬಸ್ ಡ್ರೈವರ್‌ಗೆ ಇನ್ನೊಂದು ನ್ಯಾಯ ಅಂತ ಇಲ್ವಲ್ಲ. ಐರ್ಲೆಂಡಿನ ಸಂವಿಧಾನದ 2ನೇ ವಿಧಿ ಕೂಡ, ಹೊರದೇಶದಲ್ಲಿರುವ ಐರಿಶ್ ಮೂಲದವರ ಜೊತೆಗಿನ ನಂಟು ತನಗೆ ವಿಶೇಷವಾದದ್ದು ಅನ್ನುತ್ತದೆ.

ವಿರೋಧ

ನೆನಪು ಇರಲಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ‘ಐರಿಶ್’ ಅನ್ನುವುದು ಇವತ್ತು ಬದುಕಿರುವ ಜನರ ಹೆಸರು. ಡಬ್ಲಿನ್‌ನ ಬಾಡಿಗೆ, ಆಸ್ಪತ್ರೆಯ ಕ್ಯೂ, ಚುನಾವಣೆ, ಶಾಲೆಯ ಐರಿಶ್ ಭಾಷೆಯ ಪಾಠ, ಇದೆಲ್ಲ ಸೇರಿ ಆದ ಬದುಕು ಅದು. ಇದರಲ್ಲಿ ಯಾವುದೂ ಮುಟ್ಟದವರು ಮಾರ್ಚ್ 17ಕ್ಕೆ, ಐರ್ಲೆಂಡಿನ ಸಂತ ಪ್ಯಾಟ್ರಿಕ್ಕನ ಹಬ್ಬದ ದಿನ, ಹಸಿರು ಅಂಗಿ ಹಾಕಿ ‘ನಾನೂ ಐರಿಶ್’ ಅಂದಾಗ ಅಲ್ಲಿನವರಿಗೆ ಕಿರಿಕಿರಿಯಾಗುವುದು ಸಹಜ ಅಲ್ವಾ? ಆ ಸಂತನನ್ನು ಐರ್ಲೆಂಡಿನವರು ಪ್ರೀತಿಯಿಂದ ‘ಪ್ಯಾಡಿ’ ಅನ್ನುತ್ತಾರೆ. ಅಮೆರಿಕದಲ್ಲಿ ಎಷ್ಟೋ ಜನ ‘ಪ್ಯಾಟಿ’ ಅಂತ ಬರೆಯುತ್ತಾರೆ, ಅದು ಪ್ಯಾಟ್ರೀಶಿಯಾ ಅನ್ನುವ ಹೆಂಗಸಿನ ಹೆಸರಿನ ಚಿಕ್ಕ ರೂಪ!

ಇದು ಚಿಕ್ಕದು. ನನಗೆ ನಿಜಕ್ಕೂ ನೋವು ಕೊಡುವುದು ಬೇರೆ. ಐರಿಶ್‌ತನ ರಕ್ತದಲ್ಲಿ ಬರುತ್ತದೆ ಅಂತಾದರೆ, ನೈಜೀರಿಯಾದಿಂದ ಬಂದ ತಂದೆ-ತಾಯಿಗೆ ಡಬ್ಲಿನ್‌ನಲ್ಲಿ ಹುಟ್ಟಿ, ಅಲ್ಲಿನ ರಾಗದಲ್ಲೇ ಮಾತಾಡುವ ಹುಡುಗಿ ಏನಾದಳು? ‘ಅದು ಸರಿ, ನಿಜವಾಗಿ ಯಾವ ಊರು?’ ಅನ್ನುವ ಪ್ರಶ್ನೆ ಅವಳಿಗೇ ಬೀಳುವುದು. 2004ರ ಜನಮತದ ನಂತರ ಐರ್ಲೆಂಡಿನಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವುದಿಲ್ಲ, ತಂದೆ-ತಾಯಿ ಹೊರಗಿನವರಾದರೆ ಅವರು ಅಲ್ಲಿ ಎಷ್ಟು ವರ್ಷ ಇದ್ದರು ಅಂತ ಲೆಕ್ಕ ಹಾಕುತ್ತಾರೆ. ಆದರೆ ಅಜ್ಜನೋ ಅಜ್ಜಿಯೋ ಐರ್ಲೆಂಡಿನಲ್ಲಿ ಹುಟ್ಟಿದ್ದರೆ, ಆ ನೆಲಕ್ಕೆ ಒಮ್ಮೆಯೂ ಕಾಲಿಡದ ಅಮೆರಿಕದವರು ಹೆಸರು ನೋಂದಾಯಿಸಿ ಪೌರತ್ವ ಪಡೆಯಬಹುದು.

‘ಐರಿಶ್-ಅಮೆರಿಕನ್’ ಅಂತ ಪೂರ್ತಿ ಹೇಳಿದರೆ ಯಾರಿಗೂ ನಷ್ಟವಿಲ್ಲ. ಅದಕ್ಕೂ ಅದರದೇ ದೊಡ್ಡ ಚರಿತ್ರೆ ಇದೆ. ನ್ಯೂಯಾರ್ಕ್‌ನ ಪ್ಯಾಟ್ರಿಕ್ ಮೆರವಣಿಗೆ ಶುರುವಾದದ್ದು 1762ರಲ್ಲಿ, ಆಗ ಅಮೆರಿಕ ಅನ್ನುವ ದೇಶವೇ ಇನ್ನೂ ಹುಟ್ಟಿರಲಿಲ್ಲ.