ದಫೇದಾರನ ಚಡ್ಡಿ, ಪತ್ತೇದಾರನ ಕೋಟು

ಜೇಮ್ಸ್ ಬಾಂಡ್ ಬದಲಾದರೆ ಜನ ನಾಲ್ಕು ದಿನ ಗೊಣಗುತ್ತಾರೆ, ಐದನೇ ದಿನ ಟಿಕೆಟ್ ತಗೊಳ್ಳುತ್ತಾರೆ. ಷರ್ಲಾಕ್ ಹೋಮ್ಸ್ ಪಾತ್ರ ಮಾಡಿದವರ ಲೆಕ್ಕ ಇಡಲು ಹೊರಟವರು ಅರ್ಧಕ್ಕೇ ಸುಸ್ತಾಗಿರಬೇಕು. ನಮ್ಮ ಟಿವಿ ಧಾರಾವಾಹಿಗಳ ಮಾತಂತೂ ಬೇಡ. ಸೋಮವಾರ ಒಬ್ಬಳು ಸೊಸೆ, ಮಂಗಳವಾರ ಇನ್ನೊಬ್ಬಳು. ‘ಮುಖ ಬದಲಾಗೈತಿ, ಅತ್ತೆ ಕಾಟ ಅದೇ ಐತಿ’ ಎಂದು ನಮ್ಮಮ್ಮ ಅವರೆಕಾಯಿ ಬಿಡಿಸುತ್ತಲೇ ಹೊಸಬಳನ್ನು ಮನೆತುಂಬಿಸಿಕೊಂಡುಬಿಡುತ್ತಾರೆ.

ಆದರೆ ನಗಿಸುವ ಪತ್ತೇದಾರನನ್ನು ಬದಲಾಯಿಸಿ ನೋಡಿ. ಶಾಂತ ಸ್ವಭಾವದವರೂ ಜಗಳಕ್ಕೆ ನಿಲ್ಲುತ್ತಾರೆ. ನಾನೇ ನಿಂತಿದ್ದೇನೆ, ಅದೂ ದಾವಣಗೆರೆಯಲ್ಲಿ ಕೂತು, ಪ್ಯಾರಿಸ್ಸಿನ ಒಬ್ಬ ಪೊಲೀಸ್ ಇನ್ಸ್‌ಪೆಕ್ಟರ್ ಸಲುವಾಗಿ! ‘ಪಿಂಕ್ ಪ್ಯಾಂಥರ್’ ಎಂಬ ಇಂಗ್ಲಿಷ್ ನಗೆಸಿನಿಮಾಗಳ ಇನ್ಸ್‌ಪೆಕ್ಟರ್ ಕ್ಲೂಸೋ ಎಂದರೆ ನನಗೆ ನಟ ಪೀಟರ್ ಸೆಲರ್ಸ್. ಬೇರೆ ಯಾರೇ ಆ ಮೀಸೆ ಅಂಟಿಸಿಕೊಂಡು ಬಂದರೂ ಬಾಡಿಗೆ ಮನೆಗೆ ಬಂದವರನ್ನು ಓನರ್ ನೋಡುವ ಹಾಗೆ ನೋಡುತ್ತೇನೆ.

ಯಾಕೆ ಹೀಗೆ? ಯೋಚಿಸಿದಾಗ ಹೊಳೆದದ್ದು ಇಷ್ಟು. ಷರ್ಲಾಕನ ಬುದ್ಧಿ ಪುಸ್ತಕದಲ್ಲಿದೆ. ಬೂಟಿಗೆ ಮೆತ್ತಿದ ಕೆಸರು ನೋಡಿ ‘ನೀವು ಇಂಥ ಕಡೆಯಿಂದ ಬಂದಿರಿ’ ಅನ್ನುವ ಮಾತನ್ನು ಯಾವ ನಟ ಬೇಕಾದರೂ ಬಾಯಿಪಾಠ ಮಾಡಿ ಒಪ್ಪಿಸಬಹುದು. ಕ್ಲೂಸೋಗೆ ಒಪ್ಪಿಸಲು ಬುದ್ಧಿಯೇ ಇಲ್ಲ. ಅವನಿಗಿರುವುದು ಮೈ ಮಾತ್ರ. ಕಳ್ಳನನ್ನು ಹಿಡಿಯುವುದನ್ನು ಇನ್ನೊಬ್ಬನಿಗೆ ವಹಿಸಿಕೊಡಬಹುದು, ಎಡವುವುದನ್ನು ಹೇಗೆ ವಹಿಸಿಕೊಡುತ್ತೀರಿ?

1963ರ ಮೊದಲ ಸಿನಿಮಾದಲ್ಲಿ ಕ್ಲೂಸೋ ತೆರೆಗೆ ಬರುವ ಗಳಿಗೆಯನ್ನು ನೋಡಿ. ಆಫೀಸಿನಲ್ಲಿ ಒಂದು ದೊಡ್ಡ ಭೂಗೋಳ ಇದೆ. ಗತ್ತಿನಲ್ಲಿ ಮಾತಾಡುತ್ತಾ ಅದನ್ನು ತಿರುಗಿಸುತ್ತಾನೆ. ಆಮೇಲೆ, ಅದು ಇನ್ನೂ ತಿರುಗುತ್ತಿರುವಾಗಲೇ, ಅದರ ಮೇಲೆ ಕೈ ಊರುತ್ತಾನೆ. ದಬಕ್ಕನೆ ಬೀಳುತ್ತಾನೆ. ಇಷ್ಟೇ. ಬೀಳುವುದನ್ನು ನಮ್ಮ ಗುಂಡಿ ಸರ್ಕಲ್‌ನಲ್ಲಿ ಮಳೆಗಾಲದಲ್ಲಿ ಬಿಟ್ಟಿಯಾಗಿ ನೋಡಬಹುದು. ನಗು ಬರುವುದು ಅವನು ಏಳುವಾಗ. ಬಿದ್ದದ್ದೇ ಸುಳ್ಳು ಎನ್ನುವ ಮುಖ. ಈ ಲೋಕದಲ್ಲಿ ಭೂಗೋಳಗಳ ವರ್ತನೆ ಸರಿಯಿಲ್ಲ, ಇನ್ಸ್‌ಪೆಕ್ಟರ್ ಸರಿಯಿದ್ದಾನೆ ಎನ್ನುವ ಭಾವ. ಮರ್ಯಾದೆ ಒಂದು ಕೂದಲೂ ಕೊಂಕಿಲ್ಲ.

ಇದನ್ನೇ ನಾನು ವಿದ್ಯಾನಗರದ ಅಣ್ಣನ ಮನೆಯಲ್ಲಿ ಅಣ್ಣನ ಮಗನಿಗೆ ಮೊಬೈಲಿನಲ್ಲಿ ತೋರಿಸಿದೆ. ಹುಡುಗ ನಕ್ಕ, ಸ್ವಲ್ಪ. ಆಮೇಲೆ ಹೇಳಿದ, ‘ಚೆನ್ನಾಗೈತಿ ಚಿಕ್ಕಪ್ಪ, ಆದ್ರೆ ಇವ್ನು ಸ್ಟೀವ್ ಮಾರ್ಟಿನ್‌ನ ಕಾಪಿ ಹೊಡ್ದಾನಲ್ಲ!’

ತಪ್ಪು ಅವನದಲ್ಲ. ಸ್ಟೀವ್ ಮಾರ್ಟಿನ್ ಕ್ಲೂಸೋ ಆಗಿದ್ದ 2006ರ ಸಿನಿಮಾವನ್ನು ಅವನು ಮೊದಲು ನೋಡಿದ್ದಾನೆ. ಅದರಲ್ಲೂ ಭೂಗೋಳ ಇದೆ. ಆದರೆ ಅಲ್ಲಿ ಕ್ಲೂಸೋ ಬಿದ್ದರೆ ಸಾಲದು. ಭೂಗೋಳವೇ ಕಳಚಿಕೊಂಡು ಉರುಳಿ, ಆಫೀಸು ಬಿಟ್ಟು ಬೀದಿಗೆ ಹೋಗಿ, ಕೊನೆಗೆ ಸೈಕಲ್ ರೇಸಿನವರ ಮೇಲೆ ಬರುತ್ತದೆ. ಹುಡುಗ ಅದನ್ನು ಹೊಟ್ಟೆ ಹಿಡಿದುಕೊಂಡು ವರ್ಣಿಸಿದ. ಅದನ್ನು ಮೆಚ್ಚದಿರುವಷ್ಟು ಕಲ್ಲು ಮನಸ್ಸು ನನ್ನದಲ್ಲ. ಆದರೂ ಒಂದು ಮಾತು. ಸೆಲರ್ಸ್ ಸಿನಿಮಾದಲ್ಲಿ ನಾವು ನೋಡಿದ್ದು ಮನುಷ್ಯನನ್ನು, ಇದರಲ್ಲಿ ನೋಡುವುದು ಗೋಳವನ್ನು. ಸ್ಟೀವ್ ಮಾರ್ಟಿನ್ ಸಣ್ಣ ನಟನಲ್ಲ. ಇಂಗ್ಲಿಷ್ ಕಲಿಯಲು ಹೋಗಿ ‘ಹ್ಯಾಂಬರ್ಗರ್’ ಎಂಬ ಒಂದೇ ಪದದ ಜೊತೆ ಅವರು ನಡೆಸುವ ಕುಸ್ತಿ ನನಗೂ ಇಷ್ಟ. ಯಾಕೆಂದರೆ ಅದು ಅವರದೇ ಕುಸ್ತಿ. ಹಳಬರಿಂದ ಸಾಲ ತಂದದ್ದಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ವಾದವನ್ನು ನಾನೇ ಬೀಳಿಸುವ ಒಂದು ಸಂಗತಿ ಹೇಳಲೇಬೇಕು. ಸೆಲರ್ಸ್ ಕೂಡ ಬದಲಿ ನಟ! ಆ ಪಾತ್ರಕ್ಕೆ ಮೊದಲು ಗೊತ್ತಾಗಿದ್ದವರು ಪೀಟರ್ ಉಸ್ತಿನೋವ್. ಕೊನೇ ಗಳಿಗೆಯಲ್ಲಿ ಅವರು ಕೈಬಿಟ್ಟರು, ನಿರ್ದೇಶಕ ಬ್ಲೇಕ್ ಎಡ್ವರ್ಡ್ಸ್ ಅವಸರವಸರವಾಗಿ ಸೆಲರ್ಸ್ ಅವರನ್ನು ಕರೆಸಿಕೊಂಡರು. ಆ ಸಿನಿಮಾದಲ್ಲಿ ಮಿಂಚಬೇಕಾಗಿದ್ದವರು ವಜ್ರದ ಕಳ್ಳನ ಪಾತ್ರದ ಡೇವಿಡ್ ನಿವೆನ್. ಕಳ್ಳ ವಜ್ರ ಕದಿಯಲು ಹೊರಟ, ಬದಲಿಗೆ ಬಂದ ಪೊಲೀಸು ಸಿನಿಮಾವನ್ನೇ ಕದ್ದ.

ಉಸ್ತಿನೋವ್ ಬಂದಿದ್ದರೆ? ಯಾರೂ ಅತ್ತಿರುತ್ತಿರಲಿಲ್ಲ. ನಾವು ನೋಡೇ ಇರದ ಕ್ಲೂಸೋಗೆ ನಾವ್ಯಾಕೆ ಅಳಬೇಕು? ಮೊದಲು ಕಣ್ಣಿಗೆ ಬಿದ್ದವನೇ ಅಸಲಿ ಎಂಬ ಕಾಯಿದೆ ನನಗೆ ಹೇಗೋ ಅಣ್ಣನ ಮಗನಿಗೂ ಹಾಗೇ.

1968ರಲ್ಲಿ ಅಲನ್ ಆರ್ಕಿನ್ ಅವರನ್ನು ಕ್ಲೂಸೋ ಮಾಡಿದರು. ಸೆಲರ್ಸ್ ಇಲ್ಲ, ಬ್ಲೇಕ್ ಎಡ್ವರ್ಡ್ಸ್ ಇಲ್ಲ, ಹೆನ್ರಿ ಮಾನ್ಚಿನಿಯ ಆ ಕಳ್ಳಹೆಜ್ಜೆಯ ಸಂಗೀತವೂ ಇಲ್ಲ. ಆರ್ಕಿನ್ ಒಳ್ಳೆಯ ನಟ, ಮುಂದೆ ಆಸ್ಕರ್ ಪಡೆದವರು. ಆದರೂ ಸಿನಿಮಾ ಯಾರ ನೆನಪಿನಲ್ಲೂ ಉಳಿಯಲಿಲ್ಲ. ತಮಾಷೆ ಏನು ಗೊತ್ತಾ? ಆ ಕಥೆಯಲ್ಲಿ ಸ್ವಿಟ್ಜರ್ಲೆಂಡಿನ ಬ್ಯಾಂಕುಗಳನ್ನು ದೋಚುವ ಕಳ್ಳರೆಲ್ಲ ಹಾಕಿಕೊಳ್ಳುವುದು ಕ್ಲೂಸೋ ಮುಖವಾಡ. ಸಿನಿಮಾ ತನ್ನ ಕಷ್ಟವನ್ನು ತಾನೇ ಹೇಳಿಕೊಂಡ ಹಾಗಿದೆ.

ಸೆಲರ್ಸ್ 1980ರಲ್ಲಿ ತೀರಿಕೊಂಡರು, ಬರೀ 54 ವಯಸ್ಸು. ಆಮೇಲಿನದು ನನಗೆ ಅಷ್ಟು ಹಿಡಿಸದ ಕಥೆ. 1982ರಲ್ಲಿ, ಹಳೇ ಸಿನಿಮಾಗಳಲ್ಲಿ ಕತ್ತರಿಸಿ ಇಟ್ಟಿದ್ದ ತುಣುಕುಗಳನ್ನು ಜೋಡಿಸಿ ಹೊಸ ಸಿನಿಮಾ ಅಂತ ಬಿಟ್ಟರು. ಅವರ ಹೆಂಡತಿ ಕೋರ್ಟಿಗೆ ಹೋಗಿ ಗೆದ್ದರು. ಒಳ್ಳೇದಾಯ್ತು ಅನ್ನಿಸಿತು ನನಗೆ. ಮರುವರ್ಷದ ಸಿನಿಮಾದಲ್ಲಿ ಕ್ಲೂಸೋ ಕಾಣೆಯಾಗಿದ್ದಾನೆ, ಎಲ್ಲರೂ ಹುಡುಕುತ್ತಿದ್ದಾರೆ. ಕೊನೆಗೆ ಸಿಕ್ಕಾಗ ನೋಡಿದರೆ ರೋಜರ್ ಮೂರ್! ಏನು ವಿವರಣೆ? ಪ್ಲಾಸ್ಟಿಕ್ ಸರ್ಜರಿ. ಇದನ್ನು ಅಮ್ಮನಿಗೆ ಹೇಳಿದೆ. ‘ಅಯ್ಯ, ನಮ್ ಸೀರಿಯಲ್‌ನಾಗೂ ಅದೇ ಮಾಡಿದ್ರಲ್ಲೋ’ ಎಂದರು. ಬೇರೊಬ್ಬರು ಬಿಟ್ಟ ಬಾಂಡ್ ಪಾತ್ರದಲ್ಲಿ ಪಳಗಿದ್ದ ರೋಜರ್ ಮೂರ್ ಕೂಡ ಇಲ್ಲಿ ಸ್ವಂತ ಹೆಸರು ಹಾಕಿಸಿಕೊಳ್ಳಲಿಲ್ಲ, ಒಂದು ಸುಳ್ಳು ಹೆಸರು ಕೊಟ್ಟರು. 1993ರಲ್ಲಿ ಕ್ಲೂಸೋಗೆ ಒಬ್ಬ ಮಗನನ್ನೂ ಹುಟ್ಟಿಸಿದರು. ಅದನ್ನು ಇಲ್ಲಿಗೇ ಬಿಡೋಣ.

ನಾಯಕ ಅವನೇ ಇದ್ದರೆ ಸಾಕಾ ಅಂದರೆ, ಅದೂ ಸಾಲದು. 1985ರ ದೂರದರ್ಶನದ ಪತ್ತೇದಾರ ಕರಮ್‌ಚಂದ್ ನೆನಪಿದೆಯಾ? ಕಪ್ಪು ಕನ್ನಡಕ, ಕೈಯಲ್ಲಿ ಗಜ್ಜರಿ, ಪಕ್ಕದಲ್ಲಿ ಸಹಾಯಕಿ ಕಿಟ್ಟಿ. ನಮ್ಮ ಓಣಿಯಲ್ಲಿ ಹಿಂದಿ ಬಾರದವರೂ ಮಕ್ಕಳ ಮೇಲೆ ರೇಗಬೇಕಾದಾಗ ‘ಶಟಪ್ ಕಿಟ್ಟಿ’ ಅನ್ನುತ್ತಿದ್ದರು. ಪಂಕಜ್ ಕಪೂರ್ 2007ರಲ್ಲಿ ಮತ್ತೆ ಅದೇ ಕನ್ನಡಕ ಹಾಕಿಕೊಂಡು ಬಂದರು. ಗಜ್ಜರಿಯೂ ಬಂತು. ಆದರೆ ಸುಶ್ಮಿತಾ ಮುಖರ್ಜಿ ಇರಲಿಲ್ಲ, ಕಿಟ್ಟಿ ಬೇರೆಯವರು. ಹೊಸಬರು ಪಾಪ ಚೆನ್ನಾಗಿಯೇ ಮಾಡಿದರು. ನನಗೆ ಮಾತ್ರ ಬೈಸಿಕೊಳ್ಳುತ್ತಿರುವವರು ಯಾರೋ ನೆಂಟರ ಹುಡುಗಿ ಎನ್ನುವ ಸಂಕೋಚ.

ಇದರ ತುತ್ತತುದಿ ಬಂಗಾಳದಲ್ಲಿದೆ. ಸತ್ಯಜಿತ್ ರಾಯ್ ಬರೆದ ಫೆಲೂದಾ ಎಂಬ ಪತ್ತೇದಾರನ ಕಥೆಗಳಲ್ಲಿ ಜಟಾಯು ಎಂಬ ಪತ್ತೇದಾರಿ ಕಾದಂಬರಿಕಾರ ಬರುತ್ತಾನೆ, ನಗುವಿನ ಪಾಲೆಲ್ಲ ಅವನದು. 1974ರ ಸಿನಿಮಾದಲ್ಲಿ ಸಂತೋಷ್ ದತ್ತ ಆ ಪಾತ್ರ ಮಾಡಿದರು. ಎಷ್ಟು ಒಪ್ಪಿತೆಂದರೆ, ಅಲ್ಲಿಂದ ಮುಂದೆ ರಾಯ್ ತಮ್ಮ ಕಥೆಗಳಿಗೆ ಬರೆದ ಚಿತ್ರಗಳಲ್ಲೂ ಜಟಾಯುವಿಗೆ ಅದೇ ಮುಖ ಬಂತು. ಪಾತ್ರಕ್ಕೆ ತಕ್ಕ ನಟನನ್ನು ಹುಡುಕುವುದು ಗೊತ್ತು. ಇಲ್ಲಿ ಪಾತ್ರ ಹುಟ್ಟಿಸಿದವರೇ ನಟನಿಗೆ ತಕ್ಕಂತೆ ಪಾತ್ರವನ್ನು ತಿದ್ದಿಕೊಂಡರು. 1988ರಲ್ಲಿ ದತ್ತ ತೀರಿಕೊಂಡ ಮೇಲೆ ರಾಯ್ ಫೆಲೂದಾ ಸಿನಿಮಾ ಮಾಡುವ ಯೋಚನೆಯನ್ನೇ ಬಿಟ್ಟರು. ಫೆಲೂದಾ ಆಗಿದ್ದ ಸೌಮಿತ್ರ ಚಟರ್ಜಿ ಇನ್ನೂ ಇದ್ದರು, ಗಮನಿಸಿ. ಜಾಣ ಪತ್ತೇದಾರ ಇದ್ದೂ ಅಂಗಡಿ ಮುಚ್ಚಿತು, ನಗಿಸುವವನು ಹೋದ ಅಂತ. ಮುಂದೆ ಮಗ ಸಂದೀಪ್ ರಾಯ್ ತೆಗೆದಾಗ ರವಿ ಘೋಷ್ ಮೊದಲಾದವರು ಆ ಪಾತ್ರಕ್ಕೆ ಬಂದರು. ಬಂಗಾಳಿಗಳು ಇವತ್ತಿಗೂ ಅದರ ಬಗ್ಗೆ ಚಹಾ ಆರುವವರೆಗೆ ವಾದ ಮಾಡುತ್ತಾರೆ.

ಹಾಗಾದರೆ ಬದಲಾಯಿಸಲೇಬಾರದಾ? ಇಲ್ಲಿ ನಮ್ಮ ಊರು ಅಡ್ಡ ಬರುತ್ತದೆ. ದಾವಣಗೆರೆ ಕಂಪನಿ ನಾಟಕದ ಊರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮದು. ಚಿಂದೋಡಿ ಲೀಲಾ ಅವರ ಹೆಸರು ಹೇಳಿದರೆ ಇವತ್ತಿಗೂ ಹಿರಿಯರು ‘ಪೊಲೀಸನ ಮಗಳು’ ನಾಟಕ ಅನ್ನುತ್ತಾರೆ. ಕಂಪನಿಯಲ್ಲಿ ಯಾವ ಪಾರ್ಟೂ ಒಬ್ಬರ ಆಸ್ತಿ ಅಲ್ಲ. ಜ್ವರ ಬಂತು, ಜಗಳ ಆಯ್ತು, ಬೇರೆ ಕಂಪನಿಯವರು ಜಾಸ್ತಿ ಪಗಾರ ಕೊಟ್ಟು ಕರೆದರು ಅಂದರೆ ಸಂಜೆಗೆ ಇನ್ನೊಬ್ಬರು ಬಣ್ಣ ಹಚ್ಚಲೇಬೇಕು. ಟಿಕೆಟ್ ಹರಿದಾಗಿದೆ, ಮೂರನೇ ಬೆಲ್ ಹೊಡೆಯಲೇಬೇಕು.

ದುಗ್ಗಮ್ಮನ ಜಾತ್ರೆಗೆ ಹಾಕಿದ್ದ ಕ್ಯಾಂಪೊಂದರಲ್ಲಿ ನೋಡಿದ್ದು ಇದು. ಆ ನಾಟಕದಲ್ಲಿ ಕೊಲೆಯ ಪತ್ತೆಗೆ ಒಬ್ಬ ದಫೇದಾರ ಬರುತ್ತಾನೆ, ಹಾಸ್ಯದ ಪಾರ್ಟು. ಅದನ್ನು ಮಾಡುತ್ತಿದ್ದವರು ಗುಂಡುಗುಂಡಗೆ ಇದ್ದ ಹಳೇ ಹಾಸ್ಯಗಾರರು. ಅವರು ಮಾತಾಡುವುದೇ ಬೇಡ, ಹೊಟ್ಟೆ ಮೊದಲು ರಂಗಕ್ಕೆ ಬಂದು ಆಮೇಲೆ ಅವರು ಬಂದರೆ ಟೆಂಟು ಎದ್ದು ಕೂರುತ್ತಿತ್ತು. ಒಂದು ದಿನ ಅವರು ಬರಲಿಲ್ಲ. ಬದಲಿಗೆ ಬಂದವನು ಒಣಗಿದ ಸಜ್ಜೆದಂಟಿನಂಥ ಹುಡುಗ. ಡ್ರೆಸ್ ಮಾತ್ರ ಅದೇ. ಆ ಅಗಲ ಖಾಕಿ ಚಡ್ಡಿ, ಆ ಬೆಲ್ಟು, ಆ ಟೋಪಿ. ಮುಂದಿನ ಸಾಲಿನಿಂದ ಯಾರೋ ಕೂಗಿದರು, ‘ಏ, ದಫೇದಾರ ಎಲ್ಲೋ? ಬರೀ ಚಡ್ಡಿ ಬಂದೈತಿ!’

ಇಂಥ ಹೊತ್ತಿನಲ್ಲಿ ಹೊಟ್ಟೆಗೆ ದಿಂಬು ಕಟ್ಟಿಕೊಂಡು ಬಂದಿದ್ದರೆ ಹುಡುಗ ಸತ್ತ. ಅವನು ಹಾಗೆ ಮಾಡಲಿಲ್ಲ. ಎಡಗೈಯಲ್ಲಿ ಚಡ್ಡಿ ಹಿಡಿದುಕೊಂಡೇ ನಾಟಕ ಪೂರ್ತಿ ಮಾಡಿದ. ಕೈಕೋಳ ತೆಗೆಯಬೇಕೆಂದರೆ ಕೈ ಬೇಕು. ಕೈ ಬಿಟ್ಟರೆ ಚಡ್ಡಿ ಹೋಗುತ್ತದೆ. ಎದುರಿಗೆ ಕೊಲೆಗಾರ ನಿಂತಿದ್ದಾನೆ. ಹುಡುಗ ಒಮ್ಮೆ ಕೋಳ ನೋಡಿದ, ಒಮ್ಮೆ ಚಡ್ಡಿ ನೋಡಿದ, ಒಮ್ಮೆ ಹೆಂಗಸರ ಸಾಲಿನ ಕಡೆ ನೋಡಿದ. ಆಮೇಲೆ ಕೊಲೆಗಾರನಿಗೇ ಚಡ್ಡಿಯ ತುದಿ ಕೊಟ್ಟು, ‘ಸ್ವಲ್ಪ ಹಿಡ್ಕೊಂಡಿರಪ್ಪಾ, ನಿನ್ನ ಅರೆಸ್ಟ್ ಮಾಡೋದೈತಿ’ ಎಂದ. ಟೆಂಟಿನ ತಗಡು ಹಾರಿಹೋಗುವಷ್ಟು ಶಿಳ್ಳೆ, ವನ್ಸ್ ಮೋರ್. ಕೊಲೆಗಾರ ಇನ್ನೊಂದು ಸಲ ಚಡ್ಡಿ ಹಿಡಿದು ನಿಲ್ಲಬೇಕಾಯಿತು.

ಕಂಪನಿ ನಾಟಕದ ಹಾಸ್ಯಗಾರನಿಗೆ ಈ ಸಲಿಗೆ ಇದೆ. ಅವನ ಮಾತು ಪೂರ್ತಿ ಬರೆದಿಟ್ಟಿರುವುದಿಲ್ಲ. ಊರಿನ ಸುದ್ದಿ, ಎದುರಿಗೆ ಕೂತವರ ಕೂಗು, ಕೆಟ್ಟುಹೋದ ಮೈಕು, ಎಲ್ಲವೂ ಅವನ ಸಾಮಾನು. ಹೊಸ ಕ್ಲೂಸೋಗಳಿಗೆ ಸಿಗದೇ ಹೋದದ್ದು ಇದೇ ಸಲಿಗೆ ಅಂತ ನನ್ನ ಗುಮಾನಿ. ಸೆಲರ್ಸ್‌ನ ಕೋಟು ಕೊಟ್ಟರು, ಮೀಸೆ ಕೊಟ್ಟರು, ಆ ಮೂಗಿನ ಉಚ್ಚಾರಣೆ ಕೊಟ್ಟರು. ಕೋಟು ನಿಮಗೆ ದೊಡ್ಡದಾಗಿದೆ, ಅದರ ಮೇಲೇ ಆಡಿ ಅಂತ ಯಾರೂ ಹೇಳಲಿಲ್ಲ.

ಪೀಟರ್ ಉಸ್ತಿನೋವ್ ಇದನ್ನು ಬಲ್ಲವರು. ಕ್ಲೂಸೋ ಬಿಟ್ಟವರು ಮುಂದೆ 1978ರಲ್ಲಿ ಅಗಾಥಾ ಕ್ರಿಸ್ಟಿಯ ಪತ್ತೇದಾರ ಪೊಯ್ರೋ ಆದರು, ಅದೂ ಬದಲಿಯಾಗಿ. ಅದಕ್ಕೆ ಮೊದಲು ಮಾಡಿದ್ದ ಆಲ್ಬರ್ಟ್ ಫಿನ್ನಿಗೆ ಈಜಿಪ್ಟಿನ ಬಿಸಿಲಿನಲ್ಲಿ ಆ ದಪ್ಪ ಮೇಕಪ್ ಹಾಕಿಕೊಂಡು ಬೇಯುವುದು ಬೇಡವಾಗಿತ್ತು. (ಏಪ್ರಿಲ್ ತಿಂಗಳ ದಾವಣಗೆರೆ ಕಂಡವರಿಗೆ ಫಿನ್ನಿಯ ಸಂಕಟ ಬಿಡಿಸಿ ಹೇಳಬೇಕಿಲ್ಲ.) ಪೊಯ್ರೋ ಕುಳ್ಳ, ನೀಟು, ಮೊಟ್ಟೆ ತಲೆ. ಉಸ್ತಿನೋವ್ ಆನೆಯಂಥ ಆಳು. ಕ್ರಿಸ್ಟಿಯ ಮಗಳು ‘ಪೊಯ್ರೋ ಹೀಗಿಲ್ಲ’ ಎಂದು ಆಕ್ಷೇಪ ಎತ್ತಿದಾಗ ‘ಈಗ ಹೀಗೇ ಇದ್ದಾನೆ’ ಎಂದರಂತೆ. ನಮ್ಮ ಚಡ್ಡಿಯ ಹುಡುಗನ ದೊಡ್ಡಣ್ಣ ಅನ್ನಬೇಕು.

ಮಂಡಿಪೇಟೆಯಲ್ಲಿ ಅಂಗಡಿ ಇಟ್ಟಿರುವ ಗೆಳೆಯನಿಗೆ ಈ ಪುರಾಣವೆಲ್ಲ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, ದಾವಣಗೆರೆಯವರು ಕೊನೆಗೆ ಎಲ್ಲಿಗೆ ಬರುತ್ತಾರೋ ಅಲ್ಲಿಗೇ ಬಂದ. ‘ಬೆಣ್ಣೆ ದೋಸೆ ಹೋಟೆಲ್‌ನಾಗೆ ಭಟ್ಟ ಬದಲಾದ್ರೆ ನೀ ಹೋಗೋದ್ ಬಿಡ್ತೀಯೇನು? ಒಂದ್ ವಾರ ಬೈತೀಯ, ಆಮೇಲೆ ಎರಡು ತಿಂತೀಯ.’ ಭಟ್ಟ ಬಿದ್ದರೆ ನಾವು ನಗುವುದಿಲ್ಲವಲ್ಲ ಎಂದೆ. ‘ದೋಸೆ ಮೇಲೆ ಬೀಳದಿದ್ರೆ ನಗ್ತೀವಿ’ ಎಂದ. ವ್ಯಾಪಾರಸ್ಥರ ಜೊತೆ ವಾದ ಮಾಡಬಾರದು.

ಈಗ ಹೊಸ ಕ್ಲೂಸೋ ಅಂತ ಎಡ್ಡಿ ಮರ್ಫಿ ಹೆಸರು ಕೇಳಿಬರುತ್ತಿದೆ. ಅಣ್ಣನ ಮಗ ಈಗಲೇ ಮುಖ ಸಿಂಡರಿಸಿದ್ದಾನೆ. ‘ಸ್ಟೀವ್ ಮಾರ್ಟಿನ್ ಬಿಟ್ಟು ಇವ್ರನ್ಯಾಕೆ ಹಾಕ್ತಾರೆ ಚಿಕ್ಕಪ್ಪ? ಒರಿಜಿನಲ್ ಒರಿಜಿನಲ್ಲೇ ಅಲ್ವಾ’ ಅನ್ನುತ್ತಾನೆ. ನನಗೆ ಒಳಗೊಳಗೇ ಖುಷಿ. ಮರ್ಫಿ ಆ ಫ್ರೆಂಚ್ ಮೀಸೆಯನ್ನು ಬಿಸಾಕಿ ತಮ್ಮದೇ ಬಾಯಿ, ತಮ್ಮದೇ ನಗು ತಂದರೆ ನಾನು ಮೊದಲ ಶೋಗೇ ಹೋಗುವವನು. ಟಿಕೆಟ್ ದುಡ್ಡು ಹುಡುಗನದು, ಬಾಜಿ ಕಟ್ಟಿದ್ದೇವೆ.