ರಾಜಕುಮಾರಿಯ ಚಿಲ್ಲರೆ ವ್ಯಾಪಾರ

ನಾರ್ವೆಯಲ್ಲಿ ಜಿನ್ ಬೇಕೆಂದರೆ ಸರ್ಕಾರದ ಅಂಗಡಿಗೇ ಹೋಗಬೇಕು. ಬೀದಿ ಬದಿಯ ಅಂಗಡಿಯವನು ಬಿಯರ್ ದಾಟಿ ಮೇಲಕ್ಕೆ ಹೋಗುವಂತಿಲ್ಲ. ಮಾರಾಟದ ವಿಷಯದಲ್ಲಿ ಇಷ್ಟು ಮಡಿ ಮಾಡುವ ದೇಶದಲ್ಲಿ 2024ರ ಬೇಸಿಗೆಯಲ್ಲಿ ಒಂದು ಜಿನ್ ಬಾಟಲಿ ಅರಮನೆಯ ನಿದ್ದೆ ಕೆಡಿಸಿತು. ಒಳಗಿದ್ದ ದ್ರವದ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಹೊರಗಿನ ಚೀಟಿಯ ಮೇಲೆ ‘ಪ್ರಿನ್ಸೆಸ್ ಮಾರ್ತಾ ಲೂಯಿಸ್’ ಎಂದಿತ್ತು. ದೊರೆ ಹರಾಲ್ಡರ ಮಗಳ ಹೆಸರು ಮಾರ್ತಾ ಲೂಯಿಸ್ ಹೌದು. ಆಕೆ ಪ್ರಿನ್ಸೆಸ್ ಎನ್ನುವುದೂ ಹೌದು. ಎರಡನ್ನೂ ಒಟ್ಟಿಗೆ ಬಾಟಲಿಗೆ ಅಂಟಿಸಿದ್ದೇ ತಪ್ಪು. ವ್ಯಾಪಾರದಲ್ಲಿ ಪದವಿಯನ್ನು ಬಳಸುವುದಿಲ್ಲ ಎಂದು ಅಪ್ಪನ ಮನೆಯ ಜೊತೆ ಆಗಲೇ ಒಪ್ಪಂದ ಆಗಿತ್ತಲ್ಲ.

ರಾಜಮನೆತನದವರು ಹೆಂಡ ಮಾರುವುದೇ, ಛೆ ಎಂದು ಮೂಗು ಮುರಿಯುವ ಮೊದಲು ಒಂದು ಸಲ ಲಂಡನ್ನಿಗೆ ಹೋಗಿ ಬರೋಣ. 2020ರ ಜುಲೈನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಹೆಸರಿನಲ್ಲೇ ಜಿನ್ ಮಾರಾಟಕ್ಕೆ ಬಂತು. ಬಾಟಲಿಗೆ 40 ಪೌಂಡ್. ಅರಮನೆಯ ತೋಟದಲ್ಲೇ ಕಿತ್ತ ಸೊಪ್ಪು-ಹಣ್ಣು ಹಾಕಿದ್ದು ಅದರ ಹೆಚ್ಚುಗಾರಿಕೆ. ಆ ಪಟ್ಟಿಯಲ್ಲಿ ಹಿಪ್ಪುನೇರಳೆ ಎಲೆಯೂ ಇತ್ತು. ರಾಮನಗರದಲ್ಲಿ ರೇಷ್ಮೆಹುಳ ಬಿಟ್ಟಿಯಾಗಿ ಮೇಯುವುದನ್ನು ಅಲ್ಲಿ ಚಿನ್ನದ ಬಣ್ಣದ ಚೀಟಿ ಹಚ್ಚಿ ಮಾರಿದರು. ಬಂದ ಹಣ ರಾಜಸಂಗ್ರಹದ ಕಲಾಕೃತಿಗಳ ಪೋಷಣೆಗೆ ಹೋಗುತ್ತದೆ ಎಂದು ವಿವರಣೆಯೂ ಬಂತು, ಒಪ್ಪೋಣ. ಅರಮನೆ ಜಿನ್ ಮಾರಿದರೆ ಪರಂಪರೆ, ಅರಮನೆಯ ಮಗಳು ಮಾರಿದರೆ ಅಪಚಾರ. ಯುರೋಪಿನ ರಾಜಕುಮಾರಿಯ ಬದುಕನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಸೂತ್ರ ಸಾಕು: ಸಗಟು ವ್ಯಾಪಾರ ರಾಜಧರ್ಮ, ಚಿಲ್ಲರೆ ವ್ಯಾಪಾರ ರಾಜದ್ರೋಹ.

ನಾರ್ವೆಯವರು ಕೊಳ್ಳುವ ರಾಜನನ್ನು ಎಷ್ಟು ಪ್ರೀತಿಸುತ್ತಾರೆ ಎನ್ನುವುದಕ್ಕೆ ಒಂದು ಫೋಟೋ ಇದೆ. 1973ರ ತೈಲ ಬಿಕ್ಕಟ್ಟಿನಲ್ಲಿ ವಾರಾಂತ್ಯಕ್ಕೆ ಕಾರು ಓಡಿಸಬಾರದೆಂದು ಸರ್ಕಾರ ಹೇಳಿತ್ತು. ಆಗಿನ ದೊರೆ ಐದನೇ ಓಲಾವ್ ಹಿಮಜಾರುಪಟ್ಟಿ ಹಿಡಿದು ಓಸ್ಲೋದ ಟ್ರಾಮ್ ಹತ್ತಿ, ಟಿಕೆಟ್ಟಿಗೆ ಕೈ ಚಾಚಿ ಕಾಸು ಕೊಡಲು ನಿಂತಿದ್ದಾರೆ. ಅಷ್ಟೇ ಚಿತ್ರ. ಅದರ ಮೇಲೆ ಅರ್ಧ ಶತಮಾನದಿಂದ ಆ ದೇಶದ ರಾಜಭಕ್ತಿ ನಿಂತಿದೆ. ಅದೇ ಟ್ರಾಮಿನಲ್ಲಿ ಆವತ್ತು ಕಾಸು ಕೊಟ್ಟ ಮಿಕ್ಕ ಪ್ರಯಾಣಿಕರ ಫೋಟೋವನ್ನು ಯಾರೂ ಗೋಡೆಗೆ ನೇತುಹಾಕಿಲ್ಲ. ಅದೇ ಓಲಾವರ ಮೊಮ್ಮಗಳು 2019ರಲ್ಲಿ ‘ರಾಜಕುಮಾರಿ ಮತ್ತು ಶಾಮನ್’ ಎಂಬ ಹೆಸರಿನಲ್ಲಿ ವೇದಿಕೆ ಏರಿ ಪ್ರವೇಶಕ್ಕೆ ಟಿಕೆಟ್ ಇಟ್ಟರು. ತಾತ ಟಿಕೆಟ್ ಕೊಂಡು ಜನರ ದೊರೆ ಎನಿಸಿಕೊಂಡರು. ಮೊಮ್ಮಗಳು ಟಿಕೆಟ್ ಮಾರಿ ಪೇಚಿಗೆ ಸಿಕ್ಕರು.

ಪಾಪ, ಆಕೆಯ ಜಾತಕವೇ ಹಾಗೆ. ಹುಟ್ಟಿದ್ದು 1971ರ ಸೆಪ್ಟೆಂಬರಿನಲ್ಲಿ. (ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮಲ್ಲಿ ಸಂವಿಧಾನ ತಿದ್ದಿ ಮಹಾರಾಜರ ರಾಜಧನ ನಿಲ್ಲಿಸಿದರು. ಪದವಿ ಹೋಯಿತು, ದಸರಾ ಬಂದಾಗ ಟಿವಿಯವರು ಮರಳಿ ಕೊಡುತ್ತಾರೆ.) ಹುಟ್ಟಿದಾಗ ಹೆಣ್ಣಿಗೆ ಸಿಂಹಾಸನದ ಸಾಲಿನಲ್ಲಿ ನಿಲ್ಲುವ ಹಕ್ಕೇ ಇರಲಿಲ್ಲ. 1990ರಲ್ಲಿ ನಾರ್ವೆ ಸಮಾನತೆಗೆ ಕಣ್ಣು ಬಿಟ್ಟು ಇನ್ನು ಮುಂದೆ ಹಿರಿಯ ಮಗು, ಗಂಡಾಗಲಿ ಹೆಣ್ಣಾಗಲಿ, ಪಟ್ಟಕ್ಕೆ ಎಂದಿತು. ಆದರೆ ‘ಇನ್ನು ಮುಂದೆ’ ಎಂಬಲ್ಲಿ ಕೈ ಕೊಟ್ಟಿತು. ಆಗಲೇ ಹುಟ್ಟಿದ್ದವರಲ್ಲಿ ಗಂಡಿಗೇ ಮೊದಲ ಮಣೆ. ಹಾಗಾಗಿ 1973ರಲ್ಲಿ ಹುಟ್ಟಿದ ತಮ್ಮ ಹಾಕೋನ್ ಯುವರಾಜರಾದರು, ಅಕ್ಕ ಅವರ ಹಿಂದೆ ನಿಂತರು. ಸಮಾನತೆ ಬಂದಿದ್ದು ನಿಜ, ಅದು ಇವರನ್ನು ಬಿಟ್ಟು ಮುಂದಿನ ಸ್ಟಾಪಿನಲ್ಲಿ ನಿಂತಿತು.

ಪಟ್ಟ ಸಿಗದ ರಾಜಕುಮಾರಿ ಹೊಟ್ಟೆಪಾಡಿಗೆ ಏನು ಮಾಡಬೇಕು? ಇವರು ಫಿಸಿಯೋಥೆರಪಿ ಓದಿದರು. 2002ರಲ್ಲಿ ‘ರಾಯಲ್ ಹೈನೆಸ್’ ಎಂಬ ಬಿರುದು ಕಳಚಿಟ್ಟು, ಸ್ವಂತ ದುಡಿಮೆ ಶುರು ಮಾಡಿ, ಆದಾಯ ತೆರಿಗೆ ಕಟ್ಟತೊಡಗಿದರು. ಪತ್ರಿಕೆಗಳೆಲ್ಲ ಹೊಗಳಿದವು. ಎಷ್ಟು ಆಧುನಿಕ, ಎಷ್ಟು ಸಾಮಾನ್ಯ! ಆ ಹೊಗಳಿಕೆಯನ್ನು ಆಕೆ ನಂಬಿಬಿಟ್ಟರು. ಮುಂದಿನ ಕಷ್ಟಕ್ಕೆಲ್ಲ ಅದೇ ಮೂಲ ಎಂದು ನನ್ನ ಅನಿಸಿಕೆ. ಸ್ವಂತ ಅಂಗಡಿ ಇಡು ಎಂದಾಗ ನಿಜವಾಗಿಯೂ ಇಟ್ಟವರು ಯುರೋಪಿನಲ್ಲಿ ಕಡಿಮೆ.

2007ರಲ್ಲಿ ಆಕೆ ಘೋಷಿಸಿದ್ದು ಇದು: ತನಗೆ ಕಾಣದ್ದು ಕಾಣುತ್ತದೆ. ಕುದುರೆಗಳ ಜೊತೆ ಇದ್ದಾಗ ದೇವದೂತರ ಸಂಪರ್ಕ ಸಿಕ್ಕಿತು. ನಿಮಗೂ ಬೇಕೆಂದರೆ ಮೂರು ವರ್ಷದ ಕೋರ್ಸಿಗೆ ಸೇರಿ, ವರ್ಷಕ್ಕೆ 24,000 ಕ್ರೋನ್. ಜನ ಅದನ್ನು ‘ಏಂಜೆಲ್ ಸ್ಕೂಲ್’ ಎಂದು ಕರೆದರು. ಪಾದ್ರಿಗಳು ಗೊಣಗಿದರು, ಪ್ರಾಧ್ಯಾಪಕರು ತಲೆ ಚಚ್ಚಿಕೊಂಡರು, ಪತ್ರಿಕೆಗಳು ಪದವಿ ಬಿಟ್ಟುಕೊಡಿ ಎಂದವು. ಇಪ್ಪತ್ತೊಂದನೇ ಶತಮಾನದಲ್ಲಿ, ವಿದ್ಯಾವಂತರ ನಾಡಿನಲ್ಲಿ, ಕಾಣದ ಶಕ್ತಿಯ ಹೆಸರಿನಲ್ಲಿ ದುಡ್ಡು!

ಸಿಟ್ಟು ಸರಿಯಾದದ್ದೇ. ಆದರೆ ಆ ಸಿಟ್ಟಿನ ಹೊತ್ತಿನಲ್ಲಿ ನಾರ್ವೆಯ ಸಂವಿಧಾನ ಏನು ಹೇಳುತ್ತಿತ್ತು? ಐದನೇ ವಿಧಿಯಲ್ಲಿ ದೊರೆಯ ವ್ಯಕ್ತಿತ್ವ ಪವಿತ್ರ ಎಂದು ಬರೆದಿತ್ತು. ಕಾವ್ಯದಲ್ಲಲ್ಲ ಸ್ವಾಮಿ, ಕಾನೂನಿನಲ್ಲಿ. ‘ಪವಿತ್ರ’ ಎಂಬ ಮಾತು ಅಳಿಸಿದ್ದು 2018ರಲ್ಲಿ. ಅಂದರೆ ದೇವದೂತರ ಶಾಲೆ ತೆರೆದು ಹತ್ತು ವರ್ಷ ದಾಟಿದರೂ ಅಪ್ಪ ಶಾಸನಬದ್ಧವಾಗಿ ಪವಿತ್ರರಾಗಿದ್ದರು, ಮಗಳು ಮೂಢನಂಬಿಕೆಯ ಆರೋಪಿಯಾಗಿದ್ದರು. ದೊರೆ ಲೂಥರನ್ ಧರ್ಮವನ್ನೇ ಪಾಲಿಸಬೇಕೆಂಬ ನಿಯಮ ನಾಲ್ಕನೇ ವಿಧಿಯಲ್ಲಿ ಬೇರೆ. 1991ರಲ್ಲಿ ಹರಾಲ್ಡ್ ದೊರೆ ಟ್ರೊಂಡ್‌ಹೈಮಿನ ನಿಡಾರೋಸ್ ಚರ್ಚಿನಲ್ಲಿ ಮಂಡಿಯೂರಿದಾಗ ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ಕಾಣದ ಕೃಪೆಯನ್ನು ಮೇಲಿನಿಂದ ಬೇಡಿದರು. ಟಿವಿಯಲ್ಲಿ ನೇರ ಪ್ರಸಾರವಾಯಿತು, ಯಾವ ಪ್ರಾಧ್ಯಾಪಕರೂ ತಲೆ ಚಚ್ಚಿಕೊಳ್ಳಲಿಲ್ಲ. ರಕ್ತದಲ್ಲಿ ಏನೋ ಹರಿಯುತ್ತದೆ, ಅದು ಅಪ್ಪನಿಂದ ಮಗನಿಗೆ ಇಳಿಯುತ್ತದೆ, ಅದಕ್ಕೆ ಬಿಷಪ್ಪರ ಕೈ ತಾಗಿದರೆ ದೇಶಕ್ಕೆ ಒಳ್ಳೆಯದು ಎಂದು ನಂಬುವ ಸಂಸ್ಥೆಯಲ್ಲಿ ಹುಟ್ಟಿದ ಹುಡುಗಿ ದೇವದೂತರ ಜೊತೆ ಮಾತಾಡಿದ್ದು ನನಗಂತೂ ಆಶ್ಚರ್ಯ ಎನಿಸುವುದಿಲ್ಲ. ಆಕೆ ಮನೆಯ ಉದ್ಯೋಗವನ್ನೇ ಮುಂದುವರಿಸಿದರು. ರಸೀದಿ ಕೊಟ್ಟು ತೆರಿಗೆ ಕಟ್ಟಿದ್ದು ಮಾತ್ರ ಹೊಸದು.

ಅಷ್ಟರಲ್ಲಿ ಅಮೆರಿಕದಿಂದ ಆಕೆಯ ಭಾವೀ ಗಂಡ ಡ್ಯೂರೆಕ್ ವೆರೆಟ್ ಬಂದರು. ವೃತ್ತಿಯಲ್ಲಿ ಶಾಮನ್, ಅಂದರೆ ಕಾಣದ ಶಕ್ತಿಗಳ ಜೊತೆ ಮಾತಾಡಿ ಗುಣಪಡಿಸುವವರು, ಅದೂ ಆರನೇ ತಲೆಮಾರಿನವರು ಎಂದು ಅವರೇ ಹೇಳಿಕೊಂಡದ್ದು. ಅವರ ಅಂಗಡಿಯಲ್ಲಿ 222 ಡಾಲರಿಗೆ ಒಂದು ಪದಕ ಸಿಗುತ್ತಿತ್ತು. ಕೋವಿಡ್‌ನಿಂದ ತಾನು ಚೇತರಿಸಿಕೊಳ್ಳಲು ಅದೂ ನೆರವಾಯಿತು ಎಂದಿದ್ದರು. ನಮ್ಮಲ್ಲಿ ಬೆಳಗಿನ ಹೊತ್ತು ಟಿವಿ ಹಾಕಿದವರಿಗೆ ಇದರಲ್ಲಿ ಬೆಲೆ ಬಿಟ್ಟರೆ ಹೊಸದೇನೂ ಕಾಣದು. ಹದಿನೆಂಟು ಸಾವಿರ ರೂಪಾಯಿಯ ತಾಯಿತ, ಅಷ್ಟೆ. ಹಿಂದಿನ ಜನ್ಮದಲ್ಲಿ ತಾನು ಈಜಿಪ್ಟಿನ ಫೇರೋ, ಮಾರ್ತಾ ತನ್ನ ರಾಣಿ ಎಂದೂ ಅವರು ಹೇಳಿದ್ದುಂಟು. ಇದನ್ನು ಕೇಳಿ ನಾರ್ವೆ ನಕ್ಕಿತು. ನನಗೆ ಮಾತ್ರ ಆ ಮಾತಿನ ಹಿಂದಿನ ಜಾಣತನ ಮೆಚ್ಚಿಗೆಯಾಯಿತು. ಈ ಜನ್ಮದ ಸಂವಿಧಾನ ತಮ್ಮನನ್ನು ಮುಂದೆ ತಳ್ಳಿದರೆ ಹಿಂದಿನ ಜನ್ಮದಲ್ಲಿ ಪಟ್ಟ ಹುಡುಕದೆ ಇನ್ನೇನು ಮಾಡುವುದು? ನಗುವಿನ ಜೊತೆಗೆ ಹೊಲಸೂ ಬಂತೆನ್ನಬೇಕು. ಕಪ್ಪು ಬಣ್ಣದ ಅಳಿಯ ಎಂಬ ಕಾರಣಕ್ಕೇ ಬೈದವರು ಸಾಕಷ್ಟಿದ್ದರು. ತಾಯಿತವನ್ನು ಟೀಕಿಸುವ ನೆಪದಲ್ಲಿ ತೊಗಲನ್ನು ಟೀಕಿಸಿದರು.

2022ರ ನವೆಂಬರಿನಲ್ಲಿ ಅರಮನೆ ಒಂದು ರಾಜಿ ಸೂತ್ರ ಹೊರಡಿಸಿತು. ರಾಜಕುಮಾರಿಯವರು ಅಧಿಕೃತ ಕೆಲಸಗಳನ್ನೆಲ್ಲ ಬಿಡುತ್ತಾರೆ. ಪದವಿ ಉಳಿಯುತ್ತದೆ. ಆದರೆ ವ್ಯಾಪಾರದಲ್ಲಿ ಅದನ್ನು ಬಳಸುವಂತಿಲ್ಲ. ಅಳಿಯನಿಗೆ ಪದವಿ ಇಲ್ಲ. ಬೆಳಗ್ಗೆ ರಾಜಕುಮಾರಿ, ಅಂಗಡಿ ಬಾಗಿಲು ತೆಗೆದ ಹೊತ್ತಿಗೆ ಬರೀ ಮಾರ್ತಾ, ರಾತ್ರಿ ಅಪ್ಪನ ಮನೆಗೆ ಊಟಕ್ಕೆ ಹೋದರೆ ಮತ್ತೆ ರಾಜಕುಮಾರಿ. ಹೊಸ್ತಿಲು ದಾಟುವಾಗಲೆಲ್ಲ ಮಡಿ ಬದಲಿಸುವ ನಿಯಮ. ಗಿರಾಕಿಗಳು ಬರುವುದು ಯಾಕೆ ಎನ್ನುವುದನ್ನು ಒಪ್ಪಂದ ವಿಚಾರಿಸಲಿಲ್ಲ. ಓಸ್ಲೋದಲ್ಲಿ ದೇವದೂತರ ಜೊತೆ ಮಾತಾಡುವ ಫಿಸಿಯೋಥೆರಪಿಸ್ಟ್ ಇನ್ನೊಬ್ಬರಿದ್ದರೆ ಅವರ ಮನೆಯ ಮುಂದೆ ಕ್ಯಾಮೆರಾ ನಿಲ್ಲುವುದಿಲ್ಲ ಎಂಬುದು ಗಿರಾಕಿಗೂ ಗೊತ್ತು, ಅರಮನೆಗೂ ಗೊತ್ತು.

ಮದುವೆ 2024ರ ಆಗಸ್ಟ್ 31ರಂದು, ಗೈರಾಂಗರಿನಲ್ಲಿ. ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಕಡಲಕಣಿವೆ, ಸುತ್ತ ಬಂಡೆ, ಜಲಪಾತ. ಫೋಟೋ ಹಕ್ಕು ಬ್ರಿಟನ್ನಿನ ‘ಹಲೋ’ ಪತ್ರಿಕೆಗೆ, ಚಿತ್ರೀಕರಣದ ಹಕ್ಕು ನೆಟ್‌ಫ್ಲಿಕ್ಸಿಗೆ. ನಾರ್ವೆಯ ಪತ್ರಕರ್ತರು ಹೊರಗೆ. ಅವರ ಕೋಪ ನೋಡಬೇಕಿತ್ತು! ನಮ್ಮ ದೇಶದ ದೊರೆ ಹಾಜರಿರುವ ಸಮಾರಂಭವನ್ನು ಪರದೇಶದ ಕಂಪನಿಗೆ ಮಾರುವುದೇ ಎಂದರು. ನ್ಯಾಯವಾದ ಪ್ರಶ್ನೆ. ರಾಜಮನೆತನದ ಮದುವೆ, ನಾಮಕರಣ, ಬಾಲ್ಕನಿಯಲ್ಲಿ ಕೈ ಬೀಸುವುದು, ಇವನ್ನೆಲ್ಲ ಇಷ್ಟು ವರ್ಷ ಬಿಟ್ಟಿ ಕ್ಲಿಕ್ಕಿಸಿ ಮುಖಪುಟಕ್ಕೆ ಹಾಕಿ ಮಾರಿದವರು ಅವರೇ. ಸರಕು ಸ್ವತಃ ಎದ್ದು ತನ್ನ ಬೆಲೆ ಹೇಳಿದಾಗ ದಲ್ಲಾಳಿಗೆ ಸಂಕಟವಾಗುವುದು ಸಹಜ.

ಬೇರೆ ರಾಜಕುಮಾರಿಯರು ಹೀಗಿಲ್ಲ, ಅವರಿಗೆ ಸಾಮಾನ್ಯರ ಹಾಗೆ ಕಾಣುವ ಕಲೆ ಕರಗತ. ಸ್ವೀಡನ್ನಿನ ಯುವರಾಣಿ ವಿಕ್ಟೋರಿಯಾ ನೊಬೆಲ್ ಔತಣಕ್ಕೆ ಅಮ್ಮನ ಹಳೆಯ ಗೌನು ತೊಟ್ಟು ಬಂದರೆ ಫ್ಯಾಷನ್ ಪತ್ರಿಕೆಗಳು ಭಾವುಕವಾಗುತ್ತವೆ. ಅಮ್ಮನ ಮದುವೆಯ ಸೀರೆಗೆ ಫಾಲ್ ಬದಲಿಸಿ ಗೃಹಪ್ರವೇಶಕ್ಕೆ ಉಟ್ಟು ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಇದು ಪರಿಸರ ಕಾಳಜಿ ಎಂದು ಇನ್ನೂ ಯಾರೂ ಹೇಳಿಲ್ಲ.

ನೆದರ್‌ಲ್ಯಾಂಡ್ಸಿನ ಅಮಾಲಿಯಾ ಅವರದು ಇನ್ನೂ ಕಷ್ಟದ ಕತೆ. 18 ತುಂಬಿದ ಮೇಲೆ ಸರ್ಕಾರದಿಂದ ವರ್ಷಕ್ಕೆ ಸುಮಾರು 16 ಲಕ್ಷ ಯೂರೋ ಬರಬೇಕಿತ್ತು. ಕೊರೊನಾ ಕಾಲದಲ್ಲಿ ಮಿಕ್ಕ ವಿದ್ಯಾರ್ಥಿಗಳು ಒದ್ದಾಡುತ್ತಿರುವಾಗ ತನಗೆ ಇದು ಮುಜುಗರ ಎಂದು 2021ರಲ್ಲಿ ಪ್ರಧಾನಿ ಮಾರ್ಕ್ ರುಟ್ಟೆ ಅವರಿಗೆ ಕಾಗದ ಬರೆದು ಸದ್ಯಕ್ಕೆ ಬೇಡ ಎಂದರು. ಒಳ್ಳೆಯ ಹುಡುಗಿ, ನಿಜಕ್ಕೂ. ಆಮ್‌ಸ್ಟರ್‌ಡ್ಯಾಮಿನಲ್ಲಿ ಬೇರೆ ವಿದ್ಯಾರ್ಥಿಗಳ ಜೊತೆ ಮನೆ ಹಂಚಿಕೊಂಡು ಓದಲು ಹೊರಟರು. ಬೆದರಿಕೆಗಳು ಬಂದವು, ಮನೆ ಬಿಟ್ಟು ಅಪ್ಪ-ಅಮ್ಮನ ಅರಮನೆಗೆ ಮರಳಬೇಕಾಯಿತು, ಮುಂದೆ ಸ್ವಲ್ಪ ಕಾಲ ಮ್ಯಾಡ್ರಿಡ್ಡಿನಲ್ಲಿದ್ದು ಓದಿದರು. ಸಾಮಾನ್ಯಳಾಗಿ ಬದುಕಲು ಭಾವೀ ರಾಣಿ ಪರದೇಶಕ್ಕೆ ಹೋಗಬೇಕು.

ಆ ಮ್ಯಾಡ್ರಿಡ್ಡಿನ ರಾಜಕುಮಾರಿ ಲಿಯೊನೋರ್ ಅದೇ ಕಾಲಕ್ಕೆ ಸೇನಾ ಅಕಾಡೆಮಿಯಲ್ಲಿ ಕವಾಯತು ಮಾಡುತ್ತಿದ್ದರು. 2025ರಲ್ಲಿ ನೌಕಾ ತರಬೇತಿಯ ಹಡಗು ಚಿಲಿಯ ತುದಿ ಮುಟ್ಟಿದಾಗ ಗೆಳೆಯರ ಜೊತೆ ಮಾಲ್ ಒಂದಕ್ಕೆ ಹೋದರು. ಅಲ್ಲಿನ ಸಿಸಿಟಿವಿ ದೃಶ್ಯ ಟಿವಿಗೆ ಬಂತು, ಸ್ಪೇನ್ ಕಡೆಯಿಂದ ದೂರು ಹೋಯಿತು. ಬಂದೂಕು ಹಿಡಿದ ಫೋಟೋ ಅರಮನೆಯೇ ಹಂಚುತ್ತದೆ, ಮಾಲಿನ ಫೋಟೋ ಖಾಸಗಿತನದ ಉಲ್ಲಂಘನೆ. ಅಂದ ಹಾಗೆ ಸ್ಪೇನಿನ 1978ರ ಸಂವಿಧಾನದಲ್ಲಿ ಗಂಡಿಗೇ ಆದ್ಯತೆ. ತಮ್ಮನೊಬ್ಬ ಹುಟ್ಟಿದ್ದರೆ ಮೂರು ಸೇನೆಗಳ ತರಬೇತಿ ಅವನ ಪಾಲಾಗುತ್ತಿತ್ತು.

ಡೆನ್ಮಾರ್ಕಿನಲ್ಲಿ ಎಲ್ಲಕ್ಕಿಂತ ಚೊಕ್ಕ ಕೆಲಸವಾಯಿತು. ರಾಣಿ ಮಾರ್ಗರೆಟೆ ಕಿರಿಯ ಮಗನ ನಾಲ್ಕು ಮಕ್ಕಳ ರಾಜಪದವಿಯನ್ನು 2023ರ ಜನವರಿ 1ರಿಂದ ತೆಗೆದುಹಾಕಿದರು. ಮಕ್ಕಳು ತಮ್ಮ ಬದುಕನ್ನು ತಾವೇ ರೂಪಿಸಿಕೊಳ್ಳಲಿ ಎಂಬ ಸದುದ್ದೇಶ. ಅವರಲ್ಲಿ ಕಿರಿಯವಳು ಅಥೀನಾಗೆ ಆಗ ಹತ್ತು ವರ್ಷ. ಹೊಸ ವರ್ಷದ ಬೆಳಗ್ಗೆ ಎದ್ದಾಗ ರಾಜಕುಮಾರಿ ಹೋಗಿ ಕೌಂಟೆಸ್ ಆಗಿದ್ದಳು. ಹೀಗೆ ಹತ್ತು ವರ್ಷದವಳಿಗೆ ಕೇಳದೆ ಬಿಡುಗಡೆ, ಐವತ್ತು ದಾಟಿದ ಮಾರ್ತಾ ಲೂಯಿಸರಿಗೆ ಷರತ್ತುಬದ್ಧ ಜಾಮೀನು.

ಆ ಷರತ್ತುಗಳ ಪಟ್ಟಿಯಲ್ಲಿ ಒಂದಂಶ ಮಾತ್ರ ಎಲ್ಲೂ ಇಲ್ಲ. ಉತ್ತರಾಧಿಕಾರದ ಸಾಲಿನಿಂದ ಆಕೆಯನ್ನು ಯಾರೂ ಇಳಿಸಲಿಲ್ಲ. ಮದುವೆಯ ದಿನವೂ ಆಕೆಯದು ನಾಲ್ಕನೇ ಹೆಸರು: ತಮ್ಮ, ತಮ್ಮನ ಮಗಳು, ತಮ್ಮನ ಮಗ, ಆಮೇಲೆ ಆಕೆ. ಆಸ್ಪತ್ರೆ ಉದ್ಘಾಟನೆಗೆ ರಿಬ್ಬನ್ ಕತ್ತರಿಸಲು ಯೋಗ್ಯರಲ್ಲ, ಪುಸ್ತಕದ ಮುಖಪುಟದಲ್ಲಿ ಪದವಿ ಹಾಕಿಕೊಳ್ಳಲು ಅರ್ಹರಲ್ಲ, ಆದರೆ ಮುಂದಿರುವ ಮೂವರು ಒಲ್ಲೆವೆಂದು ಪಕ್ಕಕ್ಕೆ ಸರಿದರೆ ನಾರ್ವೆಯ ರಾಣಿಯಾಗಿ ಸೇನೆಗೆ ಮುಖ್ಯಸ್ಥೆಯಾಗಬಹುದು. ಆಗ ನಿಡಾರೋಸಿನಲ್ಲಿ ಬಿಷಪ್ಪರು ಕಾಣದ ಕೃಪೆಯನ್ನು ಬೇಡುತ್ತಾರೆ, ಖರ್ಚು ಖಜಾನೆಯದು. ಹತ್ತು, ಇಪ್ಪತ್ತು ಕ್ರೋನಿನ ನಾಣ್ಯದ ಮೇಲೆ ಆಕೆಯ ಮುಖ ಅಚ್ಚಾಗುತ್ತದೆ. ಆಮೇಲೆ ದೇಶದ ಪ್ರತಿಯೊಂದು ಅಂಗಡಿಯವನೂ ರಾಜಕುಮಾರಿಯ ಮುಖವನ್ನೇ ಎಣಿಸಿ ಎಣಿಸಿ ಚಿಲ್ಲರೆ ಕೊಡಬಹುದು, ಅರಮನೆಯ ತಕರಾರಿಲ್ಲ.