ಮೋಡದ ದಿನ ಮಾಗಡಿ ಕೆರೆ

ಚಳಿಗಾಲದ ಹಕ್ಕಿ ನೋಡೋಕೆ ಎಲ್ಲರೂ ಒಳ್ಳೇ ಬಿಸಿಲಿನ ದಿನ ಹುಡುಕುತ್ತಾರೆ. ನನಗೆ ಮೋಡದ ದಿನವೇ ಇಷ್ಟ. ಗದಗ ಜಿಲ್ಲೆಯ ಮಾಗಡಿ ಕೆರೆಗಂತೂ (ಬೆಂಗಳೂರಿನ ಪಕ್ಕದ ಮಾಗಡಿಯಲ್ಲ, ಇದು ಶಿರಹಟ್ಟಿ ತಾಲೂಕಿನದು) ಮೋಡ ಕವಿದಾಗಲೇ ಹೋಗಬೇಕು. ಬಯಲುಸೀಮೆ ಬಿಸಿಲು ನೀರಿನ ಮೇಲೆ ಬಿದ್ದರೆ ಬಾತುಗಳೆಲ್ಲ ಬರೀ ಕಪ್ಪು ಚುಕ್ಕೆ. ಮೋಡ ಬಂತೋ, ಬಣ್ಣ ಬಂತು.

ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಕೆಲವೊಮ್ಮೆ ಇಲ್ಲೂ ಜಿಟಿಜಿಟಿ ಮಳೆ. ಕಡಲೆಗೆ ಹುಳ ಬೀಳುತ್ತೆ ಅಂತ ರೈತರಿಗೆ ಚಿಂತೆ. ಪಟ್ಟೆತಲೆ ಹೆಬ್ಬಾತುಗಳಿಗೆ ಯಾವ ಚಿಂತೆಯೂ ಇಲ್ಲ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ ಅದು. ಟ್ರಾನ್ಸ್‌ಮಿಟರ್ ಕಟ್ಟಿ ನೋಡಿದಾಗ 7,000 ಮೀಟರಿಗಿಂತ ಎತ್ತರದಲ್ಲಿ ಹಾರಿದ್ದೂ ದಾಖಲಾಗಿದೆ. ಹಾಗಂತ ಸುಮ್ನೆ ಎತ್ತರಕ್ಕೆ ಏರಿ ಕೂರೋದಿಲ್ಲ, ಬೆಟ್ಟ ಏರಿದಲ್ಲಿ ಏರಿ, ಇಳಿದಲ್ಲಿ ಇಳಿದು, ಅದೂ ಹೆಚ್ಚಾಗಿ ರಾತ್ರಿ ಇಲ್ಲವೇ ನಸುಕಿನಲ್ಲಿ ದಾಟುತ್ತವೆ, ಯಾಕೆಂದರೆ ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ, ರೆಕ್ಕೆಗೆ ಹಿಡಿತ ಸಿಗುತ್ತದೆ, ಉಸಿರಿಗೂ ಅನುಕೂಲ. ಅಂಥವುಗಳ ಎದುರು ನಾವು ಮಂಕಿ ಟೋಪಿ ಹಾಕಿಕೊಂಡು ಏನ್ ಚಳಿ ಮಾರಾಯ ಅಂತ ನಿಂತಿರುತ್ತೇವೆ.

ಗಾಳಿ ಎದ್ದಾಗ ನೋಡಬೇಕು. ದಂಡೆಯ ಮೇಲಿನ ಅಷ್ಟೂ ಹೆಬ್ಬಾತು ಒಂದೇ ದಿಕ್ಕಿಗೆ, ಗಾಳಿಗೆ ಎದುರಾಗಿ ತಿರುಗಿಬಿಡುತ್ತವೆ. ಬೆನ್ನು ಕೊಟ್ಟರೆ ಗರಿಯೊಳಗೆ ಗಾಳಿ ನುಗ್ಗುತ್ತದಲ್ಲ. ಆದ್ದರಿಂದ ಗಾಳಿ ನಮ್ಮ ಬೆನ್ನಿಗೆ ಬೀಸುವ ಕಡೆ ನಿಂತರೆ ಬಿಳಿ ಮುಖ ಕಾಣುತ್ತದೆ. ಆಚೆ ಕಡೆ ನಿಂತರೆ ಬರೀ ಹಿಂಭಾಗದ ಫೋಟೋ. ತುಂತುರು ಶುರುವಾದರೆ ಒಂದೊಂದೇ ಹಕ್ಕಿ ಕತ್ತು ತಿರುಗಿಸಿ, ಬಾಲದ ಬುಡದ ಗ್ರಂಥಿಗೆ ಕೊಕ್ಕು ಒತ್ತಿ, ಆ ಎಣ್ಣೆಯನ್ನು ಗರಿಗೆಲ್ಲ ಸವರಿಕೊಳ್ಳುತ್ತದೆ. ಕತ್ತು ತಿರುಗಿದಾಗಲೇ ತಲೆಯ ಹಿಂದಿನ ಎರಡು ಕಪ್ಪು ಪಟ್ಟೆ ಚೆನ್ನಾಗಿ ಕಾಣೋದು. ಹನಿ ಬೆನ್ನ ಮೇಲೆ ಕೆಸುವಿನೆಲೆ ಮೇಲಿನ ಹಾಗೆ ಉರುಳಿ ಹೋಗುತ್ತದೆ.

ಹಾಗಂತ ಮಳೆ ಜಾಸ್ತಿಯಾದರೂ ಕಷ್ಟ. ಕೆರೆ ಕೋಡಿ ಬಿದ್ದರೆ ಊರಿಗೆ ಹಬ್ಬ, ಆದರೆ ಸೂಜಿಬಾಲದ ಬಾತಿಗೆ ತಳ ಸಿಗೋದಿಲ್ಲ. ಅದು ಮುಳುಗುವ ಜಾತಿಯಲ್ಲ, ತಲೆ ಕೆಳಗೆ ಬಾಲ ಮೇಲೆ ಮಾಡಿ ಕತ್ತು ಎಟುಕುವಷ್ಟೇ ಆಳದಲ್ಲಿ ಮೇಯುತ್ತದೆ. ನಾಮದ ಕೋಳಿ ಅನ್ನೋ ಕಪ್ಪು ನೀರುಹಕ್ಕಿ ಮುಳುಗಿಯೂ ತಿನ್ನುತ್ತದೆ, ಅದಕ್ಕೆ ಹೇಗಾದರೂ ನಡೆಯುತ್ತದೆ.

2024ರಲ್ಲಿ ಈ ಕೆರೆ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಒಳ್ಳೇದಾಯ್ತು. ಆದರೆ ಹೆಬ್ಬಾತಿಗೆ ಊಟ ಹಾಕೋದು ಸುತ್ತಲಿನ ಹೊಲಗಳು. ಕತ್ತಲಾದ ಮೇಲೆ ಹೊಲಕ್ಕಿಳಿದು ಮೇಯ್ದು, ಬೆಳಕು ಹರಿಯುವಾಗ ಗದ್ದಲ ಮಾಡುತ್ತಾ ಕೆರೆಗೆ ವಾಪಸ್. ಏರಿ ಮೇಲೆ ಸಿಕ್ಕ ಒಬ್ಬ ರೈತರನ್ನು, ನಿಮಗೆ ಲುಕ್ಸಾನು ಅಲ್ವಾ ಅಂತ ಕೇಳಿದೆ. "ಹಕ್ಕಿ ತಿಂದ್ರ ತಿನ್ಲಿ ಬಿಡ್ರಿ" ಅಂದರು. "ನೋಡಾಕ ಬಂದವ್ರು ಕಡ್ಲಿಗಿಡ ಕಿತ್ಕೊಂಡು ಹೋಗ್ತಾರಲ್ರೀ, ಅವ್ರಿಗೇನ್ ಮಾಡೂಣು?"